ಬೊಬ್ಬೆ ಹೊಡೆಯುವವನಿಗೆ ಬೆಂಚು

ನನ್ನಕ್ಕ ಎಮರ್ಜೆನ್ಸಿ ವಾರ್ಡಿನ ನರ್ಸು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅನ್ನುತ್ತಾರಲ್ಲ, ಆ ಪೈಕಿ. ಮದುವೆಮನೆಗೆ ಹೋದರೂ ಅವಳು ಜನರ ಒಡವೆ ನೋಡುವುದಿಲ್ಲ, ಕೈಯ ನರ ನೋಡುತ್ತಾಳೆ. ನನ್ನ ಮದುವೆಯ ದಿನ ಹೆಣ್ಣಿನ ಅಪ್ಪನನ್ನು ತೋರಿಸಿ, "ಎಂಥಾ ನರ ಕಣೋ ನಿನ್ ಮಾವಂದು! ಕಣ್ಮುಚ್ಕೊಂಡು ಸೂಜಿ ಹಾಕ್ಬಹುದು" ಎಂದು ಕಿವಿಯಲ್ಲಿ ಪಿಸುಗುಟ್ಟಿದ್ದಳು.

ಹೋದ ಭಾನುವಾರ ಫ್ಯಾನ್ ಒರೆಸಲು ಹೋಗಿ ಸ್ಟೂಲಿನಿಂದ ಬಿದ್ದೆ. ಪಾದ ಬನ್ನಿನಂತೆ ಊದಿತು. ಬೀದಿಗೆಲ್ಲ ಕೇಳುವಂತೆ ಬೊಬ್ಬೆ ಹೊಡೆದೆ. ನಮ್ಮನೆಗೆ ಬಂದು ಪಕ್ಕದ ಕೋಣೆಯಲ್ಲಿ ಮಲಗಿದ್ದ ಮಾವ ಎದ್ದು, ಹೊಸ ಶರ್ಟು ಸಿಕ್ಕಿಸಿಕೊಂಡು, ನನ್ನನ್ನು ಟ್ಯಾಕ್ಸಿಯಲ್ಲಿ ಅಕ್ಕನ ಆಸ್ಪತ್ರೆಗೆ ಕರೆತಂದರು. ರಾಜಮರ್ಯಾದೆ ಗ್ಯಾರಂಟಿ ಅಂದುಕೊಂಡಿದ್ದೆ. ಅಕ್ಕ ಪಾದ ಒತ್ತಿ ನೋಡಿ, ಬೆರಳು ಆಡಿಸಲು ಹೇಳಿ, ಐಸು ಕೊಟ್ಟು ಬೆಂಚು ತೋರಿಸಿದಳು.

"ಅಕ್ಕಾ, ಸಾಯ್ತಿದೀನಿ ಕಣೇ!"

"ಸಾಯೋರು ಇಷ್ಟು ಜೋರಾಗಿ ಕಿರುಚಲ್ಲ. ಕೂತ್ಕೋ."

ಅಷ್ಟರಲ್ಲಿ ಅವಳ ಕಣ್ಣು ಮಾವನ ಮೇಲೆ ಬಿತ್ತು. ಅವರು ಗೋಡೆಗೊರಗಿ ತೆಪ್ಪಗೆ ನಿಂತಿದ್ದರು. ಹಣೆ ತುಂಬ ಬೆವರು.

"ಮಾವ, ಎದೆ ನೋಯ್ತಿದ್ಯಾ?"

"ಏನಿಲ್ಲಮ್ಮ... ಬರೀ ಗ್ಯಾಸು... ಮೊದ್ಲು ಅಳಿಯಂದ್ರನ್ನ ನೋಡು."

ಇಷ್ಟು ಹೇಳಲು ಅವರಿಗೆ ಮೂರು ಸಲ ಉಸಿರು ಬೇಕಾಯಿತು. ಅಕ್ಕ ಮತ್ತೇನೂ ಕೇಳಲಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಮಾವ ಮಂಚದ ಮೇಲೆ, ಶರ್ಟು ಕತ್ತರಿಗೆ ಸಿಕ್ಕಿ ಎರಡು ತುಂಡು, ಎದೆಗೆ ಇಸಿಜಿ ವೈರು, ಆ ಸುಪ್ರಸಿದ್ಧ ನರಕ್ಕೆ ಒಂದೇ ಏಟಿಗೆ ಸೂಜಿ. "ಡಾಕ್ಟ್ರೇ, ಹಾರ್ಟ್ ಅಟ್ಯಾಕು, ಬೇಗ ಬನ್ನಿ!" ಎಂದು ಅವಳು ಕೂಗುವಷ್ಟರಲ್ಲಿ ಮಾವನ ಉಸಿರು ನಿಂತಿತು.

ನಾನು ಐಸು ಬಿಸಾಕಿ ಬೆಂಚಿನಿಂದ ಎದ್ದೆ. ಹೆಂಡತಿಗೆ ಏನೆಂದು ಹೇಳಲಿ? ಅಕ್ಕ ಮಂಚವೇರಿ ಮಂಡಿಯೂರಿ, ಗಟ್ಟಿಯಾಗಿ ಎಣಿಸುತ್ತ ಎದೆ ಒತ್ತಿದಳು. ಡಾಕ್ಟರು ಶಾಕ್ ಕೊಟ್ಟರು. ಅವಳು ಮತ್ತೆ ಒತ್ತಿದಳು. ಮಾವ ಕೆಮ್ಮಿದರು, ಕಣ್ಣು ಬಿಟ್ಟರು, ತಮ್ಮ ಮೈ ನೋಡಿಕೊಂಡರು.

"ಅಯ್ಯೋ, ಇವತ್ತೇ ಹಾಕಿದ್ದಲ್ಲಮ್ಮ ಆ ಶರ್ಟು!"

ಇಡೀ ವಾರ್ಡು ನಕ್ಕಿತು. ಅಕ್ಕ ಮಂಚ ಹಿಡಿದುಕೊಂಡು ನಕ್ಕಳು. ನಾನು ಒಂಟಿ ಕಾಲಲ್ಲಿ ಕುಣಿದೆ, ಕುಣಿಯುತ್ತಲೇ ಅತ್ತುಬಿಟ್ಟೆ.

ಎರಡು ದಿನ ಬಿಟ್ಟು, ಅಷ್ಟೆಲ್ಲ ಕೂಗಾಡಿದ್ದಕ್ಕೆ ಮಾವನಲ್ಲಿ ಕ್ಷಮೆ ಕೇಳಿದೆ. ಅವರು ನನ್ನ ಕೈ ಹಿಡಿದುಕೊಂಡರು.

"ಅವತ್ತು ಮಧ್ಯಾಹ್ನದಿಂದ್ಲೇ ಎದೆ ಹಿಂಡ್ತಿತ್ತು. ಯಾರಿಗ್ಯಾಕೆ ತೊಂದ್ರೆ ಅಂತ ಮಾತ್ರೆ ನುಂಗಿ ಮಲಗಿದ್ದೆ. ನೀವು ಬೊಬ್ಬೆ ಹೊಡೀದೆ ಇದ್ದಿದ್ರೆ ನಾನು ಏಳ್ತಾನೇ ಇರ್ಲಿಲ್ಲ, ಅಳಿಯಂದ್ರೇ."