ಜೂಲಿಯ ಪಾಲಿನ ಗೊಂಚಲು

ಮೊನ್ನೆ ಮೊಮ್ಮಗಳು ನನ್ನ ಕೈಗೆ ಪಟ್ಟನೆ ಹೊಡೆದಳು. ಎಂಬತ್ತು ದಾಟಿದ ಕೈ ಇದು, ಏಟು ತಿಂದು ರೂಢಿಯಿಲ್ಲ. ಬೀದಿಯ ಗಾಡಿಯಲ್ಲಿ ನೀಲಿ ದ್ರಾಕ್ಷಿ ಕೊಂಡು ತಂದಿದ್ದೆ. ಅದರ ವಾಸನೆ ನಿಮಗೂ ಗೊತ್ತಿರಬೇಕು, ಹಣ್ಣು ಅಡುಗೆಮನೆಯಲ್ಲಿದ್ದರೆ ಘಮ ಹೊಸ್ತಿಲು ದಾಟಿರುತ್ತದೆ. ಪಕ್ಕದ ಮನೆಯವರ ಪೊಮೆರೇನಿಯನ್ ಆ ಘಮಕ್ಕೇ ಬಂತೇನೋ, ಬಾಗಿಲಲ್ಲಿ ಬಾಲ ಆಡಿಸುತ್ತ ನಿಂತಿತು. ಒಂದು ಹಣ್ಣು ಎತ್ತಿ ಅದರ ಮೂತಿಯ ಹತ್ತಿರ ಹಿಡಿದೆ, ಅಷ್ಟೇ.

“ಅಜ್ಜೀ, ತಲೆ ಕೆಟ್ಟಿದ್ಯಾ ನಿಂಗೆ? ನಾಯಿಗೆ ದ್ರಾಕ್ಷಿ ವಿಷ ಕಣಜ್ಜಿ! ಕಿಡ್ನಿ ಹೋಗ್ಬಿಡುತ್ತೆ!”

ನನಗೆ ಮೈಯೆಲ್ಲ ಉರಿದುಹೋಯಿತು. ದ್ರಾಕ್ಷಿಯ ವಿಷಯದಲ್ಲಿ ನನಗೆ ಪಾಠ ಹೇಳಲು ಇವಳು ಯಾರು? ಅಮೃತಹಳ್ಳಿಯ ದ್ರಾಕ್ಷಿ ತೋಟದ ಮನೆಗೆ ಸೊಸೆಯಾಗಿ ಬಂದವಳು ನಾನು. ಅವಳು ಮೊಬೈಲು ತೆಗೆದು ಓದಿದಳು, ನಾನು ನಂಬಲಿಲ್ಲ. ಪಕ್ಕದ ಮನೆಯವರ ಕೈಯಲ್ಲಿ ನಾಯಿ ಡಾಕ್ಟರಿಗೆ ಫೋನು ಮಾಡಿಸಿದೆ. ಆ ಡಾಕ್ಟರೂ ಅದನ್ನೇ ಹೇಳಿದರು. ಮೊದಲು ವಾಂತಿ, ಆಮೇಲೆ ಮೂತ್ರ ಕಟ್ಟುತ್ತದೆ. ಎಲ್ಲ ನಾಯಿಗೂ ಆಗುವುದಿಲ್ಲ, ಒಂದು ಸಲ ಆಗದ್ದು ಇನ್ನೊಂದು ಸಲ ಆಗಬಹುದು, ಸಣ್ಣ ಜಾತಿಗೆ ಸ್ವಲ್ಪ ತಿಂದರೂ ಸಾಕು. ಮೊಮ್ಮಗಳು ಗೆದ್ದ ಮುಖ ಮಾಡಿಕೊಂಡು ಒಳಗೆ ಹೋದಳು. ನಾನು ಅಲ್ಲೇ ಕುಳಿತೆ. ವಾಂತಿ, ಆಮೇಲೆ ಮೂತ್ರ ಕಟ್ಟುವುದು. ಅದನ್ನು ನಾನು ಕಣ್ಣಾರೆ ನೋಡಿದ್ದೆ.

ಅರವತ್ತರ ದಶಕದ ಮೊದಲ ವರ್ಷಗಳು. ಜಾಲಹಳ್ಳಿ ಕಡೆಯ ಬಂಗಲೆಯೊಂದರಲ್ಲಿದ್ದ ದೊರೆಸಾನಿಯೊಬ್ಬಳು ನಮ್ಮ ತೋಟದ ಹಣ್ಣು ಕೊಳ್ಳುತ್ತಿದ್ದಳು. ತನ್ನ ದೇಶಕ್ಕೆ ಹಡಗು ಹತ್ತುವ ಮುಂಚೆ ಜೂಲಿಯನ್ನು ನಮ್ಮ ಮಾವನ ಕೈಗೆ ಕೊಟ್ಟು ಹೋದಳು. ಬಿಳಿ ಪೊಮೆರೇನಿಯನ್. ತೂಕ ಒಂದು ಕುಂಬಳಕಾಯಿಯಷ್ಟು, ದರ್ಪ ಇಡೀ ಹೋಬಳಿಗೆ ಆಗುವಷ್ಟು. ಎತ್ತನ್ನೂ ಬಿಡದೆ ಗದರಿಸುತ್ತಿತ್ತು. ಮದುವೆಯಾಗಿ ಆರು ವರ್ಷವಾದರೂ ಮಡಿಲು ತುಂಬದ ನನಗೆ ಅದು ಏನಾಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆ ಮನೆಯಲ್ಲಿ ನಾಯಿಯೆಂದರೆ ಅಂಗಳದಲ್ಲಿ ಮಲಗಿ ಮಿಕ್ಕ ಮುದ್ದೆ ತಿನ್ನುವುದು. ಜೂಲಿಯ ಉಪಚಾರಕ್ಕಾಗಿ ನಾನು ಆಡದ ಜಗಳವಿಲ್ಲ. ಬೇಸಿಗೆ ಬಂದೊಡನೆ ಮಾವ ಕುರಿಯ ಉಣ್ಣೆ ಕತ್ತರಿಸುವವನನ್ನು ಕರೆಸಿದರು, “ಪಾಪ, ಸೆಕೆ ಅದಕ್ಕೆ” ಎಂದು. ಆ ಎರಡು ಪದರದ ಕೂದಲು ಬಿಸಿಲನ್ನೂ ತಡೆಯುತ್ತದೆಂದು ದೊರೆಸಾನಿ ಹೇಳಿ ಹೋಗಿದ್ದಳು. ನಾನು ಕತ್ತರಿ ಕಿತ್ತುಕೊಂಡು ಹಿತ್ತಲಿಗೆ ಎಸೆದೆ. ಕುತ್ತಿಗೆಗೆ ಹಗ್ಗ ಬಿಗಿದು ಎಳೆದರೆ ಅದಕ್ಕೆ ಗೊರಗೊರ ಕೆಮ್ಮು ಬರುತ್ತಿತ್ತು, ಹಳೆಯ ಸೀರೆಯಂಚು ಹೊಲಿದು ಎದೆಗೆ ಪಟ್ಟಿ ಕಟ್ಟಿದೆ. ಜಗಲಿಯಿಂದ ಹಾರಿದರೆ ಮಂಡಿಚಿಪ್ಪು ಜಾರಿ ಮೂರು ಕಾಲಲ್ಲಿ ಕುಂಟುತ್ತಿತ್ತು, ಅದಕ್ಕೆ ಮೆಟ್ಟಿಲಾಗಿ ಒಂದು ಕಲ್ಲು ಹಾಕಿಸಿದೆ. ದಿನಾ ಅದರ ತಲೆ ಬಾಚಿ, ನನ್ನ ತಲೆ ಬಾಚುವುದನ್ನು ಮರೆಯುತ್ತಿದ್ದೆ. ಇಷ್ಟೆಲ್ಲ ತಿಳಿದ ಜಾಣೆ ನಾನು.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಮೊದಲ ಕೊಯ್ಲಿನ ಹಣ್ಣನ್ನು ಊರದೇವತೆಯ ಮುಂದಿಟ್ಟು ತಂದು ಮನೆಯವರಿಗೆಲ್ಲ ಪಾಲು ಹಂಚುವುದು, ಹಿರಿಯರಿಂದ ಹಿಡಿದು ಕೊಟ್ಟಿಗೆಯ ದನಕರುವಿನವರೆಗೆ. ಹಿಂದಿನ ವರ್ಷ ಅತ್ತೆಗೆ ಕಾಣದಂತೆ ಜೂಲಿಗೆ ಎರಡು ಹಣ್ಣು ಕೊಟ್ಟಿದ್ದೆ, ಏನೂ ಆಗಿರಲಿಲ್ಲ. ಆ ವರ್ಷ ರಾಜಾರೋಷವಾಗಿ ಪಾಲು ಕೇಳಿದೆ.

“ನಾಯಿಗ್ಯಾಕೆ ಪರ್ಸಾದ?” ಅಂದರು ಅತ್ತೆ.

“ಎತ್ತಿಗೆ ಕೊಡ್ತೀರಿ, ಇದಕ್ಕೆ ಯಾಕಿಲ್ಲ? ಇದೂ ಮನೆಯದೇ!” ಅಂದೆ. ಹಟಕ್ಕೆ ಬಿದ್ದು, ಎಲ್ಲರೂ ನೋಡುತ್ತಿರುವಂತೆ ಒಂದು ಇಡೀ ಗೊಂಚಲು ತಿನ್ನಿಸಿದೆ. ಗೆದ್ದೆನೆಂದು ಬೀಗಿದೆ.

ಸಂಜೆಗೆ ವಾಂತಿ ಶುರುವಾಯಿತು. ಮರುದಿನ ಜಟಕಾದಲ್ಲಿ ಯಶವಂತಪುರಕ್ಕೆ ಒಯ್ದೆವು. ದನದ ಡಾಕ್ಟರೊಬ್ಬರು ಹೊಟ್ಟೆ ಒತ್ತಿ ನೋಡಿ, ಏನೋ ವಿಷ ಸೇರಿರಬೇಕು ಅಂದರು. ನಾಲ್ಕನೆಯ ದಿನ ಮಧ್ಯಾಹ್ನ ನನ್ನ ಮಡಿಲಲ್ಲೇ ಹೋಯಿತು. ಮೂತ್ರ ಕಟ್ಟಿ ಎರಡು ದಿನವಾಗಿತ್ತು.

ವಿಷ ಅಂದರೆ ತೋಟದಲ್ಲಿದ್ದದ್ದು ಒಂದೇ, ಮೈಲುತುತ್ತ. ಬಳ್ಳಿಗೆ ರೋಗ ಬಾರದಂತೆ ಅದನ್ನು ಸುಣ್ಣದ ಜೊತೆ ಕಲಸಿ ಸಿಂಪಡಿಸುತ್ತಿದ್ದವನು ಮುನಿಶಾಮಣ್ಣ, ಮಾವ ಬಳ್ಳಿ ನೆಟ್ಟಾಗಿನಿಂದ ತೋಟ ನೋಡಿಕೊಂಡವನು. ಜೂಲಿ ಅವನ ಹಿಮ್ಮಡಿಗೆ ಎರಡು ಸಲ ಬಾಯಿ ಹಾಕಿತ್ತು. “ಒಂದಿನ ಇದ್ರ ಅಲ್ಲು ಉದುರಿಸ್ತೀನಿ” ಎಂದು ಅವನು ನಕ್ಕುಕೊಂಡೇ ಹೇಳಿದ್ದ. ನಕ್ಕದ್ದನ್ನು ಮರೆತೆ, ಮಾತನ್ನು ಮಾತ್ರ ಹಿಡಿದುಕೊಂಡೆ. ಕೊಯ್ಲಿನ ಆಳುಗಳೆಲ್ಲ ಸೇರಿದ್ದ ಚಪ್ಪರದ ಕೆಳಗೆ, ಅಣ್ಣ ಎನ್ನುವುದನ್ನು ಬಿಟ್ಟು, ಅಪ್ಪನ ವಯಸ್ಸಿನವನನ್ನು ಏಕವಚನದಲ್ಲಿ ಕೂಗಿದೆ.

“ಕೊಂದ್ಬಿಟ್ಟೆಯಲ್ಲೋ ನನ್ನ ಮಗೂನ!”

ಅವನು ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟ. “ಅಮ್ಮಣ್ಣಿ, ತುತ್ತದ ಡಬ್ಬ ಬೀಗದಾಗೈತೆ, ಬೀಗದ ಕೈ ಯಜಮಾನ್ರ ತಾವ ಐತೆ. ನಾ ಕಂಡಂಗೆ ಆವತ್ತು ಅದು ದ್ರಾಕ್ಷಿ ತಿಂತು. ಅದ್ನ ಬಿಟ್ರೆ ಬ್ಯಾರೆ ಏನೂ ತಿನ್ನಲಿಲ್ಲ. ಅದೇ ಮೈಗೆ ಆಗ್ಲಿಲ್ವೇನೋ.”

“ಅಮ್ಮನ ಪ್ರಸಾದಕ್ಕೆ ದೋಷ ಹಚ್ತೀಯಾ? ನಿನ್ನ ನಾಲಿಗೆ ಸೇದಿಹೋಗ!” ಅಂದೆ.

ನೋಡಿ, ನಿಜವನ್ನು ಅವನು ಆಗಲೇ ನನ್ನ ಮುಖಕ್ಕೆ ಹೇಳಿದ್ದ. ಮಾವ ಬೀಗದ ಕೈ ತಮ್ಮ ಉಡಿದಾರದಲ್ಲಿದ್ದದ್ದನ್ನು ಮುಟ್ಟಿ ನೋಡಿಕೊಂಡರು, ಬಾಯಿ ಬಿಡಲಿಲ್ಲ. ಸೊಸೆಯ ಬಾಯಿಗೆ ಹೆದರಿದರು. ಮುನಿಶಾಮಣ್ಣ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಚಿಕ್ಕಬಾಣಾವರಕ್ಕೆ ಹೋದ. ವಿಷ ಹಾಕಿದವನೆಂಬ ಮಾತು ಅವನ ಹಿಂದೆಯೇ ಹೋಯಿತಂತೆ, ಮತ್ತೆ ಯಾರೂ ಅವನನ್ನು ತೋಟಕ್ಕೆ ಸೇರಿಸಲಿಲ್ಲ. ನನಗೆ ಆಗ ಒಂದಿಷ್ಟೂ ಕನಿಕರ ಬರಲಿಲ್ಲ. ಈಗ ನನಗೆ ಮಾವನ ಮೇಲೆ ಸಿಟ್ಟು, ಬಾಯಿಗೆ ಬಂದದ್ದು ಹೇಳಿದ ಆ ಡಾಕ್ಟರ ಮೇಲೆ ಸಿಟ್ಟು, ಫೋನಿನಲ್ಲಿ ಮೆದುವಾಗಿ ಮಾತಾಡಿದ ಈ ಡಾಕ್ಟರ ಮೇಲೂ ಸಿಟ್ಟು. ಎಲ್ಲರನ್ನೂ ಬೈದು ಮುಗಿಸಿದ ಮೇಲೆ ಉಳಿಯುವವಳು ನಾನೊಬ್ಬಳೇ.

ನಿನ್ನೆ ಮೊಮ್ಮಗಳನ್ನು ಕರೆದುಕೊಂಡು ಚಿಕ್ಕಬಾಣಾವರಕ್ಕೆ ಹೋದೆ. ಸ್ಟೇಷನ್ನಿನ ಹತ್ತಿರ ನಾಲ್ಕು ಕಡೆ ಕೇಳಿ ಮನೆ ಹುಡುಕಿದೆವು. ಮುನಿಶಾಮಣ್ಣ ತೀರಿಹೋಗಿ ಎಷ್ಟೋ ಕಾಲವಾಗಿದೆ. ಮಗಳು ರತ್ನಮ್ಮ ಇದ್ದಳು, ಅವಳ ತಲೆಯೂ ನರೆತಿದೆ. ಕಾಫಿ ಕೊಟ್ಟಳು. ನಾನು ದನಿ ತಗ್ಗಿಸಿ ಎಲ್ಲ ಹೇಳಿದೆ.

“ಅಂಗಾದ್ರೆ ಅಪ್ಪ ಯೋಳಿದ್ದು ನಿಜ?”

“ನಿಜ ಕಣಮ್ಮ.”

ಅವಳು ಎದ್ದು ಬಾಗಿಲಿಗೆ ಹೋಗಿ ಅಕ್ಕಪಕ್ಕದವರನ್ನು, ತಮ್ಮನನ್ನು, ಸೊಸೆಯರನ್ನು ಹೆಸರು ಹಿಡಿದು ಕೂಗಿದಳು. ಹತ್ತು ಹದಿನೈದು ಮಂದಿ ಅಂಗಳದಲ್ಲಿ ನೆರೆದರು. ನನಗೆ ರೇಗಿತು. ಇಷ್ಟು ದೂರ ಬಂದ ಮುದುಕಿಯನ್ನು ಹೀಗಾ ನಿಲ್ಲಿಸುವುದು?

ರತ್ನಮ್ಮ ನನ್ನ ಕಡೆ ತಿರುಗಿದಳು. “ಆವತ್ತು ಎಲ್ರ ಮುಂದೆ ಕೂಗಿದ್ರಂತಲ್ಲ, ಅಪ್ಪ ಸಾಯೋಗಂಟ ಅದನ್ನೇ ಯೋಳ್ತಿದ್ದ. ಈಗ್ಲೂ ಎಲ್ರ ಮುಂದೆ ಕೂಗಿ.”

ಮೊಮ್ಮಗಳು ಕೈ ಹಿಡಿಯಲು ಬಂದಳು, ಬೇಡವೆಂದೆ. ಒಬ್ಬಳೇ ಎದ್ದು ನಿಂತೆ. ಆವತ್ತಿನಷ್ಟು ಗಂಟಲು ಈಗ ಇಲ್ಲ, ಇದ್ದಷ್ಟರಲ್ಲೇ ಕೂಗಿದೆ.

“ಮುನಿಶಾಮಣ್ಣ ವಿಷ ಹಾಕ್ಲಿಲ್ಲ. ಹಾಕ್ದೋಳು ನಾನು.”