ಅಟ್ಟದಕ್ಕ ಕೆಳಗಿಳಿದದ್ದು

ಕಬ್ಬಿಣದ ಕಾರ್ಖಾನೆಯ ದೊಡ್ಡ ಶೆಡ್ಡಿನಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನೆಲದಿಂದ ಎಪ್ಪತ್ತೆರಡು ಮೆಟ್ಟಿಲು ಮೇಲೆ, ಸೂರಿಗೆ ತಾಗಿಕೊಂಡ ಗಾಜಿನ ಗೂಡಿನಲ್ಲಿ ಕೂತು ಕ್ರೇನ್ ಓಡಿಸುವವಳು. ಹಾಗಾಗಿ ಎಲ್ಲರ ಬಾಯಲ್ಲೂ ಅಟ್ಟದಕ್ಕ. ಹನ್ನೊಂದು ವರ್ಷದಲ್ಲಿ ಪಾಳಿಯ ನಡುವೆ ಒಮ್ಮೆಯೂ ಕೆಳಗಿಳಿದವಳಲ್ಲ. ಊಟವೂ ಅಲ್ಲೇ. "ಗಂಡಸರು ಗಂಟೆಗೊಂದು ಸಲ ನೆಪ ಹೇಳಿ ಇಳೀತಾರೆ. ನಾನು ಹತ್ತಿದೆ ಅಂದ್ರೆ ಸೈರನ್ ಆದ್ಮೇಲೇ ಇಳಿಯೋದು!" ಅಬ್ಬಾ, ಆ ಜಂಬವೇ!

ಅಂಥವಳಿಗೆ ಒಂದು ದಿನ ಹಾಸಿಗೆಯಿಂದ ಎದ್ದ ಕೂಡಲೇ ಕಣ್ಣು ಕತ್ತಲೆಗಟ್ಟಿತು. ಇನ್ನೊಂದು ದಿನ ಅರವತ್ತನೇ ಮೆಟ್ಟಿಲಲ್ಲಿ ತಲೆ ಗಿರ್ರೆಂದು ತಿರುಗಿ, ಕಂಬಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ನಿಂತಳು. ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಚಪ್ಪಲಿ ಹಾಕಲು ಬಗ್ಗಿ ಎದ್ದವಳು ಹಾಗೇ ಕುಸಿದು ಕೂತಾಗ ಗಂಡನ ಕಣ್ಣಿಗೆ ಬಿದ್ದಳು. ಬೇಕರಿಯಲ್ಲಿ ಬ್ರೆಡ್ ಸುಡುವ ಮನುಷ್ಯ, ಹೆದರಿ ಬೆವೆತುಹೋದ. ಅಲ್ಲಿಂದ ಶುರುವಾಯಿತು ನೋಡಿ ಮನೆಮದ್ದಿನ ಕಾಟ! ಪಕ್ಕದಮನೆಯವಳು ಖರ್ಜೂರ ಅಂದಳು, ನಾದಿನಿ ಕಡು ಕಾಫಿ ಅಂದಳು, ಬಂದವರೆಲ್ಲ ಒಂದೊಂದು ಹೇಳಿದರು. ಅಟ್ಟದಕ್ಕ ಎಲ್ಲವನ್ನೂ ನುಂಗಿದಳು. ತಲೆ ಮಾತ್ರ ತಿರುಗುತ್ತಲೇ ಇತ್ತು.

ವರ್ಷದ ತಪಾಸಣೆಯಲ್ಲಿ ಗುಟ್ಟು ಬಯಲಾಯಿತು. ಮಲಗಿದಾಗ ನೂರು ತೋರಿಸಿದ ರಕ್ತದೊತ್ತಡ, ಎದ್ದು ನಿಂತರೆ ಎಂಬತ್ತಕ್ಕೆ ಇಳಿಯುತ್ತಿತ್ತು. ಕಾರ್ಖಾನೆಯ ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದರು: "ಇನ್ನು ಕ್ರೇನ್ ಹತ್ತೋ ಹಾಗಿಲ್ಲ. ಮೂರು ವಾರ ನೋಡೋಣ. ಸರಿಹೋಗದಿದ್ರೆ ಸ್ಟೋರಿನಲ್ಲಿ ಕೆಲಸ."

ಸ್ಟೋರು! ಕತ್ತಲೆ ಕೋಣೆಯಲ್ಲಿ ನಟ್ಟು ಬೋಲ್ಟು ಎಣಿಸುವುದು! ಅಟ್ಟದಕ್ಕ ಅಲ್ಲೇ ಗೊಳೋ ಎಂದು ಅತ್ತುಬಿಟ್ಟಳು.

ರಕ್ತ ಪರೀಕ್ಷೆಯಾಯಿತು, ಎದೆಯ ಗ್ರಾಫ್ ಆಯಿತು. ಎಲ್ಲ ಸರಿಯಾಗಿದೆ. ಡಾಕ್ಟರಮ್ಮ ತಲೆ ಕೆರೆದುಕೊಂಡು ಕೇಳಿದರು: "ಕೆಲಸದಲ್ಲಿ ಎಷ್ಟು ನೀರು ಕುಡೀತೀರಾ?"

"ಒಂದು ಹನೀನೂ ಇಲ್ಲ," ಅಟ್ಟದಕ್ಕ ಕಣ್ಣೊರೆಸಿಕೊಂಡು ಹೆಮ್ಮೆಯಿಂದಲೇ ಹೇಳಿದಳು. "ಕುಡಿದ್ರೆ ಇಳೀಬೇಕಲ್ಲ!"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಕಾದ ತಗಡಿನ ಕೆಳಗೆ ಎಂಟು ಗಂಟೆ ಬೆವರು ಸುರಿಸ್ತೀರಿ, ಹನಿ ನೀರು ಮುಟ್ಟಲ್ಲ. ಹನ್ನೊಂದು ವರ್ಷ! ಅಲ್ಲಾ ತಾಯಿ, ಮೈಯಲ್ಲಿ ನೀರೇ ಇಲ್ಲದಿದ್ರೆ ಒತ್ತಡ ಎಲ್ಲಿಂದ ಬರ್ಬೇಕು?"

ಅಟ್ಟದಕ್ಕ ಬೆಪ್ಪಾದಳು. ಊರಿಗೆಲ್ಲ ಕೊಚ್ಚಿಕೊಂಡಿದ್ದೇ ಅವಳಿಗೆ ಮುಳುವಾಗಿತ್ತು.

ಮೂರು ವಾರ ಹಟ ಹಿಡಿದು ನೀರು ಕುಡಿದಳು. ಊಟದಲ್ಲಿ ಉಪ್ಪು ಎಷ್ಟಿರಬೇಕೆಂದು ಬಂದವರನ್ನಲ್ಲ, ಡಾಕ್ಟರಮ್ಮನನ್ನೇ ಕೇಳಿದಳು. ಎದ್ದ ಕೂಡಲೇ ನಿಲ್ಲದೆ, ಮಂಚದ ಅಂಚಿನಲ್ಲಿ ಕೂತು, ಆಮೇಲೆ ಏಳುವುದನ್ನು ಕಲಿತಳು. ಮರಳಿ ನೋಡಿದಾಗ ನಿಂತರೂ ನೂರಹತ್ತು! "ಹತ್ತಿ. ಆದ್ರೆ ನೀರು ಕುಡೀದೇ ಹತ್ತಿದ್ರೆ ನಾನೇ ಇಳಿಸ್ತೀನಿ," ಎಂದು ಡಾಕ್ಟರಮ್ಮ ಸಹಿ ಹಾಕಿದರು.

ಮೊದಲ ದಿನವೇ ಹತ್ತೂವರೆಗೆ ಅಟ್ಟದಕ್ಕ ಹೊರೆಯನ್ನು ನೆಲಕ್ಕೆ ಇಳಿಸಿ, ಕ್ರೇನ್ ಆಫ್ ಮಾಡಿ, ಕಂಬಿ ಹಿಡಿದು ನಿಧಾನವಾಗಿ ಇಳಿಯತೊಡಗಿದಳು. ಶೆಡ್ಡಿಗೆ ಶೆಡ್ಡೇ ಕತ್ತೆತ್ತಿ ನೋಡಿತು. ಫೋರ್‌ಮನ್ ಓಡಿಬಂದ. "ಏನಕ್ಕಾ, ಏನಾಯ್ತು? ಲಾರಿ ಕಾಯ್ತಾ ಇದೆ! ನೀವು ಯಾವತ್ತೂ ಇಳಿದವರಲ್ಲ!"

"ಅದಕ್ಕೇ ಬೀಳೋದರಲ್ಲಿದ್ದೆ," ಎಂದಳು. "ಲಾರಿ ಕಾಯಲಿ. ಶೌಚಾಲಯಕ್ಕೆ ಹೋಗ್ತಿದೀನಿ."

ಫೋರ್‌ಮನ್ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಹತ್ತು ನಿಮಿಷಕ್ಕೆ ಬಾಟಲಿ ತುಂಬಿಸಿಕೊಂಡು ಮರಳಿದಳು. ಎಪ್ಪತ್ತೆರಡೂ ಮೆಟ್ಟಿಲು ಹತ್ತಿದಳು. ಎಲ್ಲೂ ತಲೆ ತಿರುಗಲಿಲ್ಲ. ಒಂದು ಗುಟುಕು ಕುಡಿದು, ಗಾಜಿನ ಕಿಟಕಿಯಿಂದ ಕೆಳಗೆ ಬಗ್ಗಿ, ಶೆಡ್ಡಿಗೆಲ್ಲ ಕೇಳುವಂತೆ ಕೂಗಿದಳು:

"ಮಧ್ಯಾಹ್ನ ಇನ್ನೊಂದು ಸಲ ಇಳೀತೀನಿ! ಬೇಕಿದ್ರೆ ಸೈರನ್ ಹೊಡೀರಿ!"