ಹೊಟ್ಟೆಯಲ್ಲಿ ಕರಗಬಾರದ ಪುಡಿ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಸುಣ್ಣದಮ್ಮ ಎಂದೇ. ಹೊಟ್ಟೆಯ ಎಕ್ಸ್‌ರೇಗೆ ಮುನ್ನ ಕುಡಿಸುವ ಬೇರಿಯಂ ಎಂಬ ಬಿಳಿ ಪುಡಿಯನ್ನು ಹತ್ತೊಂಬತ್ತು ವರ್ಷಗಳಿಂದ ಕದಡಿ ಕೊಡುತ್ತಿದ್ದವಳು ಅವಳು. ಹೊಸತರಲ್ಲಿ, ಎಷ್ಟು ಕಲಕಿದರೂ ಅದು ಕರಗುತ್ತಿಲ್ಲವೆಂದು ಅತ್ತೇಬಿಟ್ಟಿದ್ದಳು.

"ಕರಗಬಾರ್ದು ಕಣಮ್ಮ," ಹಿರಿಯ ಡಾಕ್ಟರು ನಕ್ಕಿದ್ದರು. "ಉಪ್ಪಿನ ಕಣಗಳು ನೀರು ಎಳೆದ್ರೆ ಬಿಟ್ಕೊಡ್ತವೆ. ಇವು ಒಂದನ್ನೊಂದು ಹಿಡಿದಿರೋ ಬಿಗಿಗೆ ನೀರಿನ ಆಟ ನಡೆಯಲ್ಲ. ಅದಕ್ಕೇ ರಕ್ತಕ್ಕೆ ಸೇರದೆ ಹೊರಗೆ ಹೋಗುತ್ತೆ. ಇದನ್ನೇ ಹೋಲೋ ಇನ್ನೊಂದು ಬೇರಿಯಂ ಇದೆ, ಅದು ಹೊಟ್ಟೆಯ ಆಸಿಡ್ಡಿಗೆ ನೊರೆಯೆದ್ದು ಕರಗಿಬಿಡುತ್ತೆ. ಶುದ್ಧ ವಿಷ!"

ಅಂದಿನಿಂದ ಹೊಸ ಡಬ್ಬಿ ಒಡೆದಾಗಲೆಲ್ಲ ಚಿಟಿಕೆ ಪುಡಿಗೆ ನಾಲ್ಕು ಹನಿ ಆಸಿಡ್ ಬಿಟ್ಟು ನೋಡದೆ ಅವಳು ಲೋಟ ಮುಟ್ಟಿದವಳಲ್ಲ.

ಆ ಸೋಮವಾರ ಬೆಂಚು ಕಿಕ್ಕಿರಿದಿತ್ತು. "ಬೇಗ ಕೊಡಮ್ಮ!" ಎಂದು ಟೆಕ್ನಿಷಿಯನ್ ಮೂರು ಸಲ ಕೂಗಿದ್ದ. ಹೊಸ ಡಬ್ಬಿ ಒಡೆದವಳೇ, ಅಂದು ಮಾತ್ರ ಆಸಿಡ್ ಬಿಟ್ಟು ನೋಡದೆ ಕದಡಿ, ಬಸ್ ಡ್ರೈವರನೊಬ್ಬನ ಕೈಗಿತ್ತಳು. ಅವನು ಒಳಗೆ ಹೋದ ಮೇಲೆ ಮನಸ್ಸು ಕೇಳಲಿಲ್ಲ. ಚಿಟಿಕೆ ಪುಡಿಯ ಮೇಲೆ ಹನಿ ಬಿಟ್ಟಳು.

ಬುಸ್ಸೆಂದು ನೊರೆ ಎದ್ದಿತು.

ಬಾಗಿಲು ದೂಡಿ ಒಳನುಗ್ಗಿದಳು. "ಅಣ್ಣಾ, ನುಂಗಬೇಡಿ! ಉಗೀರಿ!"

ಅವನು ಬಾಯಲ್ಲಿದ್ದುದನ್ನು ಉಗಿದ. ಆದರೆ ಎರಡು ಗುಟುಕು ಆಗಲೇ ಇಳಿದಿತ್ತು.

"ಏನಮ್ಮ, ತಲೆ ಕೆಟ್ಟಿದೆಯಾ?" ಟೆಕ್ನಿಷಿಯನ್ ರೇಗಿದ.

"ಪುಡಿ ಬೇರೆ ಸರ್. ಡಾಕ್ಟರನ್ನ ಕರೀರಿ!"

ಓಡಿಬಂದ ಡಾಕ್ಟರಮ್ಮ ಭೇದಿ ಉಪ್ಪನ್ನು ನೀರಿಗೆ ಹಾಕಿದರು. ಅದು ಕಣ್ಣೆದುರೇ ಕರಗಿಹೋಯಿತು. "ಕುಡೀರಿ. ಇದು ಒಳಗಿರೋ ವಿಷಾನ ಹಿಡ್ಕೊಂಡು ಮತ್ತೆ ಕರಗದ ಪುಡಿ ಮಾಡುತ್ತೆ."

ಅಷ್ಟರಲ್ಲೇ ಅವನ ತುಟಿ ಜುಮುಗುಡುತ್ತಿತ್ತು, ಬೆರಳು ಸೋಲುತ್ತಿದ್ದವು. ಡ್ರಿಪ್ ಹಾಕಿದರು. ಗಂಟೆಗೊಮ್ಮೆ ಡಾಕ್ಟರಮ್ಮ, "ನನ್ನ ಕೈ ಅಮುಕಿ," ಎನ್ನುವರು. ಮಧ್ಯಾಹ್ನ ಅವನ ಹಿಡಿತ ಹತ್ತಿಯಂತಿತ್ತು. ಸುಣ್ಣದಮ್ಮ ಊಟ ಮುಟ್ಟದೆ ಬಾಗಿಲಲ್ಲೇ ನಿಂತಿದ್ದಳು.

ಸಂಜೆ ಅವನು ಕೈ ಅಮುಕಿದಾಗ ಡಾಕ್ಟರಮ್ಮ "ಅಯ್ಯೋ, ನಿಧಾನ!" ಎಂದರು. ಸುದ್ದಿ ತಿಳಿದು ಬಂದಿದ್ದ ಅವನ ಹೆಂಡತಿ ಸುಣ್ಣದಮ್ಮನ ಕಾಲಿಗೆ ಬಗ್ಗಿದಳು. "ನೀವಿಲ್ದೇ ಇದ್ದಿದ್ರೆ..."

"ಏಳವ್ವ," ಅವಳು ಭುಜ ಹಿಡಿದೆತ್ತಿದಳು. "ಮೊದಲೇ ನೋಡ್ಬೇಕಿತ್ತು ನಾನು. ಅವಸರದಲ್ಲಿ ಬಿಟ್ಟೆ."

ಹೆಂಡತಿ ಭುಜದ ಮೇಲಿದ್ದ ಅವಳ ಕೈಯನ್ನು ಸರಿಸಿದಳು. ಆಮೇಲೆ ಗಂಡನ ಮಂಚದತ್ತ ನಡೆದಳು. ಸುಣ್ಣದಮ್ಮ ತನ್ನ ತಪ್ಪನ್ನು ಬರೆದುಕೊಡಲು ಮೇಲಧಿಕಾರಿಯ ಕೋಣೆಗೆ ಹೊರಟಳು.